ಗೋಡೆಗೊಂದು ಮೊಳೆಯೂ ಹೊಡೆಯದೆ ಬಾಡಿಗೆ ಮನೆಯಲ್ಲಿ ಸ್ಟುಡಿಯೊ

ಬಾಡಿಗೆ ಜಾಗದಲ್ಲಿ ಸ್ಟುಡಿಯೊ ಮಾಡಲು ಹೊರಟವರು ಮೈಕುಗಳ ಬಗ್ಗೆ ಓದುವ ಮೊದಲು ಬಾಡಿಗೆ ಕರಾರನ್ನು ಓದಬೇಕು. ನಾನು ಅಲ್ಲಿಂದಲೇ ಶುರು ಮಾಡಿದೆ. ಗೋಡೆ ಕೊರೆಯುವಂತಿಲ್ಲ. ಬಣ್ಣ ಬದಲಿಸುವಂತಿಲ್ಲ. ಬಿಡುವಾಗ ಮನೆ ಹೇಗಿತ್ತೋ ಹಾಗೇ ಒಪ್ಪಿಸಬೇಕು. ಈ ಮೂರು ಸಾಲು ನೋಡಿದ ಮೇಲೆ ನನಗೊಂದು ನಿಯಮ ಹಾಕಿಕೊಂಡೆ. ಏನೇ ತರುವ ಮೊದಲು ಕೇಳಿಕೊಳ್ಳುವುದು: ಇದನ್ನು ಬಿಚ್ಚಿ ಮುಂದಿನ ಮನೆಗೆ ಒಯ್ಯಬಹುದಾ? ಆಗಲ್ಲ ಅಂದರೆ ಅದಕ್ಕೆ ದುಡ್ಡು ಹಾಕುವುದಿಲ್ಲ.

ನನ್ನ ಕೆಲಸ ಎರಡು ಥರದ್ದು. ಪುಸ್ತಕ ಓದಿ ಆಡಿಯೊ ಮಾಡುವುದು ಒಂದು. ಕ್ಯಾಮೆರಾ ಮುಂದೆ ಕೂತು ಪಾಠ ಹೇಳುವುದು ಇನ್ನೊಂದು. ಎರಡೂ ಒಂದೇ ಕೋಣೆಯಲ್ಲಿ ಆಗಬೇಕು. ಕೇಳಲು ಇದು ಸುಲಭ. ಆದರೆ ಮೈಕು ಬಾಯಿಯ ಹತ್ತಿರ ಬರಬೇಕು ಅನ್ನುತ್ತದೆ, ಕ್ಯಾಮೆರಾ ಅದನ್ನು ದೂರ ಸರಿಸು ಅನ್ನುತ್ತದೆ. ಮೈಕಿಗೆ ಕೋಣೆ ತುಂಬ ಬಟ್ಟೆ, ಕಂಬಳಿ ಬೇಕು. ಕ್ಯಾಮೆರಾಕ್ಕೆ ಅಚ್ಚುಕಟ್ಟಾದ ಹಿನ್ನೆಲೆ ಬೇಕು. ಲೈಟು ಹಾಕಿದರೆ ಶೆಕೆ, ಫ್ಯಾನು ಹಾಕಿದರೆ ಸದ್ದು. ಈ ಜಗಳ ಬಿಡಿಸುವುದರಲ್ಲೇ ಜಾಸ್ತಿ ಹೊತ್ತು ಹೋಯಿತು. ಸಾಮಾನು ಕೊಳ್ಳುವುದು ಅದರ ಮುಂದೆ ಸಣ್ಣ ಕೆಲಸ.

ಮನೆ ಮಾಲೀಕರಿಗೆ ವಿಷಯ ಮುಚ್ಚಿಡಲಿಲ್ಲ. ಸ್ಟುಡಿಯೊ ಅಂದ ತಕ್ಷಣ ಅವರ ತಲೆಗೆ ಬಂದಿದ್ದು ಡ್ರಮ್ಸ್ ಇರಬೇಕು. "ರಾತ್ರಿಯೆಲ್ಲ ಗಲಾಟೆ ಇರುತ್ತಾ?" ಅಂದರು. "ಇಲ್ಲ ಸರ್, ಗಲಾಟೆ ಇದ್ದರೆ ನನ್ನ ಕೆಲಸವೇ ನಡೆಯಲ್ಲ. ಮೊಳೆ ಕೂಡ ಹೊಡೆಯಲ್ಲ" ಅಂದೆ. ಅದನ್ನೇ ಒಂದು ಮೆಸೇಜ್ ಮಾಡಿ ಒಪ್ಪಿಗೆ ತಗೊಂಡೆ. ಖಾಲಿ ಕೋಣೆಯ ಗೋಡೆ, ಮೂಲೆ, ಬಾಗಿಲ ಚೌಕಟ್ಟು, ನೆಲ ಎಲ್ಲದರ ಫೋಟೊ ತೆಗೆದು ಅವರಿಗೂ ಕಳಿಸಿದೆ. ಮುಂದೆ ಮುಂಗಡ ವಾಪಸ್ ಕೇಳುವಾಗ ಹಳೆಯ ಬಿರುಕು ನನ್ನ ಲೆಕ್ಕಕ್ಕೆ ಬರಬಾರದಲ್ವಾ?

ಮನೆಯಲ್ಲಿ ಬಳಸದ ಕೋಣೆ ಎರಡಿದ್ದವು. ಒಂದು ಚೌಕ. ಉದ್ದ, ಅಗಲ ಎರಡೂ 3 ಮೀಟರ್, ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ದೊಡ್ಡ ಕಿಟಕಿ, ಒಳ್ಳೆ ಬೆಳಕು. ನೋಡಿದವರೆಲ್ಲ ಇದನ್ನೇ ಇಟ್ಟುಕೋ ಅಂದರು. ನಾನು ಇನ್ನೊಂದನ್ನು ಆರಿಸಿದೆ. ಅದು 4.2 ಮೀಟರ್ ಉದ್ದ, 3.1 ಮೀಟರ್ ಅಗಲ, 2.7 ಮೀಟರ್ ಎತ್ತರ. ಕಿಟಕಿ ಸಣ್ಣದು, ಬೆಳಕು ಕಮ್ಮಿ.

ಯಾಕೆ ಅಂದರೆ ಸ್ವಲ್ಪ ಲೆಕ್ಕ ಹೇಳಬೇಕು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವಿನ ದೂರವನ್ನು ಎರಡರಿಂದ ಗುಣಿಸಿ, ಬಂದದ್ದರಿಂದ 343ನ್ನು ಭಾಗಿಸಿ. ಆ ಗೋಡೆಗಳ ನಡುವೆ ಯಾವ ಸ್ವರ ಮೊದಲು ಗುಂಯ್‌ಗುಡುತ್ತದೆ ಅನ್ನುವುದು ಸಿಗುತ್ತದೆ. 3 ಮೀಟರಿಗೆ ಅದು 57 ಹರ್ಟ್ಸ್, ಅಂದರೆ ಸೆಕೆಂಡಿಗೆ 57 ಕಂಪನ. ಅದರ ಎರಡರಷ್ಟಾದ 114 ಹರ್ಟ್ಸ್ ಕೂಡ ಗುಂಯ್‌ಗುಡುತ್ತದೆ. ಗಂಡಸರ ಮಾತಿನ ಮೂಲ ಸ್ವರ ಹೆಚ್ಚಾಗಿ 85ರಿಂದ 180 ಹರ್ಟ್ಸ್ ಒಳಗೇ ಇರುತ್ತದೆ. ಅಂದರೆ ಈ 114 ನೇರವಾಗಿ ನನ್ನ ದನಿಯ ಮೇಲೇ ಬಂದು ಕೂರುತ್ತದೆ. ಚೌಕ ಕೋಣೆಯಲ್ಲಿ ಉದ್ದ, ಅಗಲ, ಎತ್ತರ ಮೂರೂ ಸೇರಿ ಅದೇ ಸ್ವರವನ್ನು ಉಬ್ಬಿಸುತ್ತವೆ. ಡಬ್ಬಿಯೊಳಗೆ ಮಾತಾಡಿದ ಹಾಗೆ ಕೇಳುವುದು ಇದಕ್ಕೇ. ಉದ್ದ ಕೋಣೆಯಲ್ಲೂ ಈ ಕಾಟ ತಪ್ಪಿದ್ದಲ್ಲ. ಆದರೆ ಅಲ್ಲಿ 41, 55, 64 ಅಂತ ಹಂಚಿಹೋಗುತ್ತದೆ. ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ಇನ್ನು ಆ 4.2 ಮೀಟರ್ ಉದ್ದದಿಂದ ಕ್ಯಾಮೆರಾಕ್ಕೂ ಲಾಭ ಇತ್ತು. ಅದು ಆಮೇಲೆ.

ಕೋಣೆ ಆರಿಸಿದ ಮೇಲೂ ಏನೂ ಕೊಳ್ಳಲಿಲ್ಲ. ರೆಕಾರ್ಡರನ್ನು ಕೋಣೆ ನಡುವೆ ಇಟ್ಟು, ಬಾಗಿಲು ಮುಚ್ಚಿ, ಬೆಳಗಿನಿಂದ ರಾತ್ರಿವರೆಗೆ ಓಡಲು ಬಿಟ್ಟೆ. ಆಮೇಲೆ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಇಡೀ ದಿನದ ಜಾತಕ ಕಣ್ಣೆದುರಿಗೆ ಬಂತು. ನೀರಿನ ಪಂಪು ಯಾವಾಗ ಓಡುತ್ತದೆ, ಪಕ್ಕದ ಬಚ್ಚಲಿನ ಪೈಪು ಯಾವಾಗ ಸದ್ದು ಮಾಡುತ್ತದೆ, ಮೇಲಿನ ಮನೆಯವರು ಕುರ್ಚಿ ಯಾವಾಗ ಎಳೆಯುತ್ತಾರೆ, ಎಲ್ಲ ಗೊತ್ತಾಯಿತು. ಬೆಳಗಿನ ಜಾವ ಮತ್ತು ಮಧ್ಯಾಹ್ನದ ನಂತರದ ಒಂದಷ್ಟು ಹೊತ್ತು ಸದ್ದಿನ ಗೆರೆ ಹೆಚ್ಚುಕಮ್ಮಿ ಚಪ್ಪಟೆಯಾಗಿತ್ತು. ನನ್ನ ರೆಕಾರ್ಡಿಂಗ್ ಹೊತ್ತು ಅಲ್ಲೇ ನಿಗದಿಯಾಯಿತು. ಬಿಡಿಗಾಸು ಖರ್ಚಿಲ್ಲದೆ ಸಿಕ್ಕಿದ ಈ ಗೆರೆಯಷ್ಟು ಉಪಯೋಗಕ್ಕೆ ಬಂದದ್ದು ಇಡೀ ಸ್ಟುಡಿಯೊದಲ್ಲಿ ಇನ್ನೊಂದಿಲ್ಲ.

ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುವ ಒಂದು ವಿಷಯ ಇದೆ. ಹೊರಗಿನ ಸದ್ದು ಒಳಗೆ ಬರದಂತೆ ತಡೆಯುವುದೇ ಬೇರೆ, ಒಳಗಿನ ಮಾರ್ದನಿ ಕಮ್ಮಿ ಮಾಡುವುದೇ ಬೇರೆ. ಗೋಡೆಗೆ ಮುಳ್ಳುಮುಳ್ಳಾದ ಫೋಮ್ ಅಂಟಿಸಿದರೆ ಪಕ್ಕದ ಮನೆಯ ಟಿವಿ ಕೇಳಲ್ಲ ಅಂದುಕೊಂಡವರು ತುಂಬ ಜನ. ಕೇಳುತ್ತದೆ. ತಡೆಯಬೇಕಾದರೆ ಭಾರ ಬೇಕು. ಗೋಡೆಯ ಭಾರ ಎರಡರಷ್ಟು ಮಾಡಿದರೆ ಲೆಕ್ಕದ ಪ್ರಕಾರ ಸುಮಾರು 6 ಡೆಸಿಬೆಲ್ ಜಾಸ್ತಿ ತಡೆಯುತ್ತದೆ. ಬಾಡಿಗೆ ಮನೆಯಲ್ಲಿ ಇನ್ನೊಂದು ಗೋಡೆ ಕಟ್ಟುವವರು ಯಾರು? ಕುರ್ಚಿ ಎಳೆದ ಸದ್ದಂತೂ ಕಟ್ಟಡದ ಮೈಯೊಳಗಿಂದಲೇ ಇಳಿದು ಬರುತ್ತದೆ. ಅದಕ್ಕೆ ನಾನು ಒಳಗೆ ಏನು ತೂಗುಹಾಕಿದರೂ ಅಷ್ಟೇ. ಹಾಗಾಗಿ ಹೊರಗಿನ ಸದ್ದಿಗೆ ನನ್ನ ಉತ್ತರ ಎರಡೇ: ಒಳ್ಳೆ ಹೊತ್ತು ನೋಡಿಕೊಳ್ಳುವುದು, ಸಂದು ಮುಚ್ಚುವುದು.

ಸಂದು ಅಂದರೆ ಸಣ್ಣದು ಅನ್ನಿಸುತ್ತದೆ. 2 ಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲದ ಬಾಗಿಲ ಕೆಳಗೆ 1 ಸೆಂಟಿಮೀಟರ್ ಸಂದು ಇದೆ ಅಂದುಕೊಳ್ಳಿ. ಬಾಗಿಲಿನ ವಿಸ್ತೀರ್ಣದಲ್ಲಿ ಅದು ಶೇ 0.5 ಮಾತ್ರ. ಆದರೆ ಆ ಸಂದು ಇರುವವರೆಗೆ ಬಾಗಿಲನ್ನು ಸೀಸದಿಂದಲೇ ಮಾಡಿಸಿದರೂ 23 ಡೆಸಿಬೆಲ್‌ಗಿಂತ ಜಾಸ್ತಿ ತಡೆಯಲು ಆಗುವುದಿಲ್ಲ. ಬಾಗಿಲ ಕೆಳಗೆ ಸಿಕ್ಕಿಸುವ ಉರುಳೆ ಥರದ ಪಟ್ಟಿ, ಚೌಕಟ್ಟಿಗೆ ಸುತ್ತ ರಬ್ಬರ್ ಪಟ್ಟಿ ಹಾಕಿದೆ. ರಬ್ಬರ್ ಪಟ್ಟಿಯ ಅಂಟು ಬಣ್ಣ ಕಿತ್ತುಕೊಂಡು ಬರಬಹುದು. ಅದಕ್ಕೆ ಮೊದಲು ಕಾಣದ ಮೂಲೆಯಲ್ಲಿ ಒಂದು ತುಂಡು ಅಂಟಿಸಿ, ಕೆಲವು ದಿನ ಬಿಟ್ಟು, ಹೇರ್ ಡ್ರೈಯರಿನ ಬಿಸಿ ಗಾಳಿ ಬಿಟ್ಟು ಕಿತ್ತು ನೋಡಿದೆ. ಬಣ್ಣಕ್ಕೆ ಏನೂ ಆಗಲಿಲ್ಲ. ಕಿಟಕಿಗೆ ಅದರ ಅಳತೆಗೆ ಸರಿಯಾಗಿ ದಪ್ಪ ಪ್ಲೈವುಡ್ ಹಲಗೆ ಕೊಯ್ಯಿಸಿ, ಅಂಚಿಗೆ ಫೋಮ್ ಪಟ್ಟಿ ಸುತ್ತಿ, ಎರಡು ಹಿಡಿ ಹಾಕಿಸಿದೆ. ರೆಕಾರ್ಡಿಂಗ್ ಹೊತ್ತಿಗೆ ಒತ್ತಿ ಕೂರಿಸುವುದು, ಮುಗಿದ ಮೇಲೆ ತೆಗೆದು ಪಕ್ಕಕ್ಕಿಡುವುದು. ಒಂದೂ ಮೊಳೆ ಇಲ್ಲ.

ಇನ್ನು ಒಳಗಿನ ಮಾರ್ದನಿ. ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಬಿರುಸಾಗಿ ಟರ್ರ್ ಅನ್ನುತ್ತದಲ್ಲ, ಅದು ಎದುರುಬದುರು ಗೋಡೆಗಳ ನಡುವೆ ಶಬ್ದ ಚೆಂಡಾಡುವುದು. ಬಾಡಿಗೆದಾರರಿಗೆ ಇಲ್ಲಿ ಧೈರ್ಯ ಕೊಡುವ ಒಂದು ಹಳೆಯ ಕಥೆ ಇದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಸಭಾಂಗಣದಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ಖಾಲಿ ಇದ್ದಾಗ ಮಾರ್ದನಿ ಐದೂವರೆ ಸೆಕೆಂಡ್‌ನಷ್ಟು ನಿಲ್ಲುತ್ತಿತ್ತು. ಸರಿಮಾಡು ಅಂತ ವ್ಯಾಲೆಸ್ ಸಬೀನ್ ಅನ್ನುವ ಯುವ ಭೌತಶಾಸ್ತ್ರಜ್ಞನಿಗೆ ಹೇಳಿದರು. ಆತ ಗೋಡೆ ಒಡೆಯಲಿಲ್ಲ. ರಾತ್ರಿ ಊರು ಮಲಗಿದ ಮೇಲೆ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಒಳಗೆ ಹರಡಿದ. ಆರ್ಗನ್ ಪೈಪ್ ಊದಿಸಿ, ಶಬ್ದ ಆರುವವರೆಗೆ ಗಡಿಯಾರ ಹಿಡಿದು ಅಳೆದ. ಮೆತ್ತೆ ಜಾಸ್ತಿಯಾದಂತೆ ಮಾರ್ದನಿ ಕಮ್ಮಿಯಾಯಿತು. ಎಲ್ಲ ಮೆತ್ತೆ ಹಾಕಿದಾಗ ಸುಮಾರು 1 ಸೆಕೆಂಡಿಗೆ ಇಳಿಯಿತು. ಕೋಣೆಗಳ ಮಾರ್ದನಿ ಲೆಕ್ಕಹಾಕಲು ಇವತ್ತಿಗೂ ಬಳಸುವ ಸೂತ್ರ ಹುಟ್ಟಿದ್ದು ಈ ಎರವಲು ಮೆತ್ತೆಗಳಿಂದ. ಎಲ್ಲ ವಾಪಸ್ ಕೊಡುವ ಸಾಮಾನು!

ನಾನು ಮೆತ್ತೆ ಬದಲು ಪ್ಯಾನೆಲ್ ಮಾಡಿದೆ. ಮರದ ಪಟ್ಟಿಯ ಚೌಕಟ್ಟು, ಒಳಗೆ ಕಲ್ಲಿನ ನೂಲಿನಿಂದ ಮಾಡಿದ 10 ಸೆಂಟಿಮೀಟರ್ ದಪ್ಪದ ರಾಕ್‌ವೂಲ್, ಮೇಲೆ ಬಟ್ಟೆ. ಒಂದೊಂದೂ 120 ಸೆಂಟಿಮೀಟರ್ ಉದ್ದ, 60 ಅಗಲ. ದಪ್ಪದ ಬಗ್ಗೆ ರಾಜಿ ಮಾಡಿಕೊಳ್ಳಬೇಡಿ. ಗೋಡೆಗೆ ತಾಗಿದ ವಸ್ತು ಚೆನ್ನಾಗಿ ಹೀರುವುದು ತನ್ನ ದಪ್ಪದ ನಾಲ್ಕರಷ್ಟು ಉದ್ದದ ಅಲೆಗಳವರೆಗೆ ಮಾತ್ರ. 2.5 ಸೆಂಟಿಮೀಟರ್ ಫೋಮ್ ಅಂದರೆ ಸುಮಾರು 3,400 ಹರ್ಟ್ಸ್‌ನಿಂದ ಮೇಲೆ. ಅದರಿಂದ ಮಾತಿನ ಹೊಳಪು ಹೋಗುತ್ತದೆ, ಗುಂಯ್ ಅನ್ನುವುದು ಹಾಗೇ ಉಳಿಯುತ್ತದೆ. 10 ಸೆಂಟಿಮೀಟರ್ ಪ್ಯಾನೆಲನ್ನು ಗೋಡೆಯಿಂದ ಇನ್ನೊಂದು 10 ಸೆಂಟಿಮೀಟರ್ ಮುಂದೆ ನಿಲ್ಲಿಸಿದರೆ ಲೆಕ್ಕ 430 ಹರ್ಟ್ಸ್‌ವರೆಗೆ ಇಳಿಯುತ್ತದೆ. ಹಿಂದಿನ ಖಾಲಿ ಗಾಳಿ ಪುಕ್ಕಟೆ ಕೆಲಸ ಮಾಡುತ್ತದೆ. ಗೋಡೆಗೆ ನೇತುಹಾಕಲು ಬಿಡದ ಕರಾರು ಇಲ್ಲಿ ನನ್ನ ಪರವಾಗಿಯೇ ನಿಂತಿತು. ಪ್ಯಾನೆಲ್‌ಗಳಿಗೆ ಕಾಲು ಹಚ್ಚಿ ನೆಲದ ಮೇಲೇ ನಿಲ್ಲಿಸಬೇಕಾಯಿತು, ಸಂದು ತಾನಾಗೇ ಬಂತು.

ಬಟ್ಟೆ ಆರಿಸುವುದು ಸುಲಭ. ತುಟಿಗೆ ಹಚ್ಚಿ ಊದಿ ನೋಡಿ. ಗಾಳಿ ಆಚೆ ಹೋದರೆ ಶಬ್ದವೂ ಹೋಗುತ್ತದೆ. ರಾಕ್‌ವೂಲ್ ಕತ್ತರಿಸುವಾಗ ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಬೇಕೇ ಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಕೆರೆತ. ಅಗ್ಗದ ಫೋಮ್ ಬೇಡ ಅನ್ನಲು ನನಗೆ ಇನ್ನೊಂದು ಕಾರಣವೂ ಇತ್ತು: ಬೆಂಕಿ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ದಿ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಗೆ ಅಂಟಿಸಿದ್ದ ಪಾಲಿಯುರೆಥೇನ್ ಫೋಮ್‌ಗೆ ತಗುಲಿ 100 ಜನ ಸತ್ತರು. ನನ್ನ ಕೋಣೆಯಲ್ಲಿ ಬಾಣಬಿರುಸು ಇಲ್ಲ ನಿಜ. ಆದರೆ ಬಿಸಿಯಾಗುವ ಲೈಟು, ಅಡಾಪ್ಟರು, ಬ್ಯಾಟರಿ ಎಲ್ಲ ಇವೆ. ರಾಕ್‌ವೂಲ್ ಕಲ್ಲು ಕರಗಿಸಿ ನೂಲು ಮಾಡಿದ್ದು. ಅದು ಉರಿಯುವುದಿಲ್ಲ. ಮೊಟ್ಟೆಯ ಟ್ರೇ ಅಂಟಿಸಿ ಅನ್ನುವ ಸಲಹೆಯೂ ಬಂತು. ಅದು ಶಬ್ದವನ್ನು ಸರಿಯಾಗಿ ಹೀರುವುದೂ ಇಲ್ಲ, ಬೆಂಕಿ ಬಿದ್ದರೆ ಬಿಡುವುದೂ ಇಲ್ಲ.

ಈಗ ಪ್ಯಾನೆಲ್ ಎಲ್ಲಿಡುವುದು? ಮೈಕಿನ ಹಿಂದೆ ಇಡಬೇಕು ಅಂತ ಮೊದಲು ಅನ್ನಿಸುವುದು ಸಹಜ. ಸಾಮಾನ್ಯವಾಗಿ ಬಳಸುವ ಕಾರ್ಡಿಯಾಯ್ಡ್ ಮೈಕು ತನ್ನ ಮುಂದಿನದ್ದನ್ನು ಚೆನ್ನಾಗಿ ಕೇಳುತ್ತದೆ, ಬೆನ್ನ ಹಿಂದಿನದ್ದನ್ನು ಅಷ್ಟಾಗಿ ಕೇಳುವುದಿಲ್ಲ. ಮೈಕಿನ ಮುಂದೆ ಇರುವುದು ಯಾರು? ನಾನು, ಮತ್ತು ನನ್ನ ಬೆನ್ನ ಹಿಂದಿನ ಗೋಡೆ. ಹಾಗಾಗಿ ಜಾಸ್ತಿ ಮೆತ್ತಗಾಗಬೇಕಾದದ್ದು ನನ್ನ ಹಿಂದಿನ ಗೋಡೆ. ಆದರೆ ಕ್ಯಾಮೆರಾಕ್ಕೆ ಕಾಣುವುದೂ ಅದೇ ಗೋಡೆ! ಅಲ್ಲಿ ಕಂಬಳಿ ನೇತುಹಾಕಿದರೆ ಸಾಮಾನು ಕೋಣೆಯಲ್ಲಿ ಕೂತು ಪಾಠ ಹೇಳಿದ ಹಾಗೆ ಕಾಣುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಪ್ಯಾನೆಲ್‌ಗಳನ್ನೇ ಹಿನ್ನೆಲೆ ಮಾಡುವುದು. ನನ್ನ ಹಿಂದೆ ನಿಲ್ಲುವ ನಾಲ್ಕಕ್ಕೆ ಮಾತ್ರ ಒಳ್ಳೆ ಬಟ್ಟೆ ಹಾಕಿದೆ. ಎರಡು ಕಡು ನೀಲಿ, ಎರಡು ಬೂದು. ಅಂಚು ಒಂದಕ್ಕೊಂದು ಸರಿಹೊಂದುವ ಹಾಗೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಪುಸ್ತಕದ ಕಪಾಟು, ಒಂದು ಸಣ್ಣ ದೀಪ ಇಟ್ಟೆ. ನೋಡುವವರಿಗೆ ಅದು ವಿನ್ಯಾಸ ಅನ್ನಿಸುತ್ತದೆ. ಕಪಾಟಿನಲ್ಲಿ ಪುಸ್ತಕಗಳನ್ನು ಒಂದೇ ಸಾಲಿಗೆ ತಳ್ಳದೆ ಹಿಂದೆಮುಂದೆ ಇಟ್ಟರೆ ಶಬ್ದವನ್ನು ಅಷ್ಟಿಷ್ಟು ಚದುರಿಸುತ್ತವೆ. ಪಕ್ಕದ ಗೋಡೆಗಳಿಗೆ ನಿಂತ ಪ್ಯಾನೆಲ್‌ಗಳಿಗೆ ಮಾತ್ರ ಹಳೆ ಬೆಡ್‌ಶೀಟು. ಅವು ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಸೀಲಿಂಗ್ ಕಷ್ಟವೇ. ಅಲ್ಲಿಂದ ಏನನ್ನೂ ಇಳಿಬಿಡುವಂತಿಲ್ಲ. ನೆಲಕ್ಕೂ ಸೀಲಿಂಗಿಗೂ ಒತ್ತಿ ನಿಲ್ಲುವ ಸ್ಪ್ರಿಂಗ್ ಕಂಬಗಳು ಬರುತ್ತವೆ. ಎರಡನ್ನು ನಿಲ್ಲಿಸಿ, ನಡುವೆ ಅಡ್ಡ ಕೊಳವೆ ಹಾಕಿ, ಅದರ ಮೇಲೆ ದಪ್ಪ ಕಂಬಳಿ ಮಡಿಸಿ ಹಾಕಿದೆ. ಕಂಬದ ಎರಡೂ ತುದಿಗೆ ಬಟ್ಟೆ ಸುತ್ತಿದ ರಟ್ಟು ಇಟ್ಟೆ, ರಬ್ಬರಿನ ಕಲೆ ಉಳಿಯದಿರಲಿ ಅಂತ. ಇದು ಗಟ್ಟಿ ಕಾಂಕ್ರೀಟ್ ಸೀಲಿಂಗಿಗೆ ಮಾತ್ರ ಸರಿ. ತೆಳು ಹಲಗೆಯ ಫಾಲ್ಸ್ ಸೀಲಿಂಗಿಗೆ ಒತ್ತಿದರೆ ತೂತು ಬೀಳುತ್ತದೆ. ಎಷ್ಟೇ ಗಟ್ಟಿ ಇದ್ದರೂ ತಲೆಯ ಮೇಲೆ ಭಾರದ ಪ್ಯಾನೆಲ್ ತೂಗಿಸುವ ಧೈರ್ಯ ನಾನು ಮಾಡಲಿಲ್ಲ. ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿದೆ. ಅಲ್ಲಿಗೆ ಚಪ್ಪಾಳೆಯ ಟರ್ರ್ ನಿಂತಿತು.

ಮೈಕಿನ ವಿಷಯಕ್ಕೆ ಬರೋಣ. ಕಂಡೆನ್ಸರ್ ಮೈಕು ಸೂಕ್ಷ್ಮ, ಅದಕ್ಕೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲಿನಲ್ಲೇ ಕಳಿಸುವ ವಿದ್ಯುತ್ತು ಬೇಕು. ಡೈನಾಮಿಕ್ ಮೈಕಿನ ಕಿವಿ ಸ್ವಲ್ಪ ಮಂದ, ಹತ್ತಿರದಿಂದ ಮಾತಾಡಬೇಕು. 1966ರಿಂದ ಬರುತ್ತಿರುವ ಶ್ಯೂರ್ ಎಸ್‌ಎಂ58 ಇಂಥದ್ದೇ, ಯಾವ ವೇದಿಕೆಯ ಫೋಟೊ ನೋಡಿದರೂ ಕಾಣುತ್ತದೆ. ಸರಿಯಾಗಿ ಸಜ್ಜಾಗದ ಕೋಣೆಯಲ್ಲಿ ದುಬಾರಿ ಕಂಡೆನ್ಸರ್ ತಂದರೆ ಕೋಣೆಯ ದೋಷಗಳನ್ನೂ ಅಷ್ಟೇ ಚೆನ್ನಾಗಿ ಹಿಡಿದು ಕೊಡುತ್ತದೆ. ಪುಸ್ತಕ ಓದಲು ನಾನು ಡೈನಾಮಿಕ್ ಮೈಕನ್ನೇ ಇಟ್ಟುಕೊಂಡೆ. ಬಾಯಿಂದ 10 ಸೆಂಟಿಮೀಟರ್ ದೂರ, ಸ್ವಲ್ಪ ಓರೆಯಾಗಿ, ಪ, ಬ ಅಕ್ಷರಗಳ ಗಾಳಿ ನೇರ ಬಡಿಯದ ಹಾಗೆ.

ವಿಡಿಯೊಕ್ಕೆ ಇದು ಆಗಿಬರೊಲ್ಲ. ಮುಖದ ಮುಂದೆ ಮೈಕು ಇಟ್ಟರೆ ರೇಡಿಯೊ ನಿರೂಪಕರ ಹಾಗೆ ಕಾಣುತ್ತದೆ. ಕೆಲವರಿಗೆ ಅದೇ ಇಷ್ಟ. ಪಾಠ ಹೇಳುವಾಗ ನನಗೆ ಬೇಡ ಅನ್ನಿಸಿತು. ಕ್ಯಾಮೆರಾ ಚೌಕಟ್ಟಿನಿಂದ ಆಚೆ ಸರಿಸಿದರೆ ದೂರ ಜಾಸ್ತಿಯಾಗುತ್ತದೆ. ದೂರ ಎರಡರಷ್ಟಾದಾಗಲೆಲ್ಲ ಮಾತು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಮಾರ್ದನಿ ಮಾತ್ರ ಇದ್ದಲ್ಲೇ ಇರುತ್ತದೆ. 15 ಸೆಂಟಿಮೀಟರಿನಿಂದ 60ಕ್ಕೆ ಹೋದರೆ 12 ಡೆಸಿಬೆಲ್ ನಷ್ಟ. ಈ ಜಾಗದಲ್ಲಿ ಎಲ್ಲರೂ ಶಾಟ್‌ಗನ್ ಮೈಕು ಹೇಳುತ್ತಾರೆ. ಹೊರಾಂಗಣಕ್ಕೆ ಅದು ಸೊಗಸು. ಆದರೆ ಅದರ ಉದ್ದ ಕೊಳವೆ ಪಕ್ಕದ ಶಬ್ದವನ್ನು ಕತ್ತರಿಸುವುದು ತಾರ ಸ್ವರಗಳಲ್ಲಿ ಮಾತ್ರ. ಸಣ್ಣ ಕೋಣೆಯಲ್ಲಿ ಗೋಡೆಯಿಂದ ಮರಳಿದ ಶಬ್ದ ಆ ಕೊಳವೆಗೆ ಹೊಕ್ಕರೆ ದನಿ ವಿಚಿತ್ರವಾಗುತ್ತದೆ. ಹತ್ತಿರದ ಒಬ್ಬ ಗೆಳೆಯನಿಂದ ಶಾಟ್‌ಗನ್ ಒಂದು, ಕಾರ್ಡಿಯಾಯ್ಡ್‌ಗಿಂತ ಕಿರಿದಾದ ಕೋನದಲ್ಲಿ ಕೇಳುವ ಸಣ್ಣ ಹೈಪರ್‌ಕಾರ್ಡಿಯಾಯ್ಡ್ ಕಂಡೆನ್ಸರ್ ಒಂದು ಎರವಲು ತಂದು ಒಂದೇ ಜಾಗದಲ್ಲಿ ಕಟ್ಟಿ ಓದಿ ನೋಡಿದೆ. ಎರಡನೆಯದೇ ಸಹಜವಾಗಿ ಕೇಳಿತು. ಅದನ್ನೇ ಕೊಂಡೆ. ತಲೆಯ ಮೇಲೆ, ಕ್ಯಾಮೆರಾ ಚೌಕಟ್ಟಿಗೆ ಒಂದು ಬೆರಳು ಆಚೆ, ಬಾಯಿಗೆ ಗುರಿಯಿಟ್ಟು, ಉದ್ದ ತೋಳಿನ ಬೂಮ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದೇನೆ. ಬಾಯಿಂದ ಸುಮಾರು 45 ಸೆಂಟಿಮೀಟರ್. ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಇಟ್ಟಿದ್ದೇನೆ, ಅದಿಲ್ಲದೆ ಬೂಮ್ ಚಾಚುವುದೇ ಇಲ್ಲ.

ಇಷ್ಟಾದ ಮೇಲೆ ಒಂದು ಗುಂಯ್ ಉಳಿಯಿತು, ಕಿವಿಗೆ ಸೊಳ್ಳೆಯಂತೆ. ವಿದ್ಯುತ್ತು 50 ಹರ್ಟ್ಸ್ ಇರುವ ಕಡೆ ಈ ಗುಂಯ್ 50 ಮತ್ತು 100ರಲ್ಲಿ ಬರುತ್ತದೆ, 60 ಇರುವ ಕಡೆ 60 ಮತ್ತು 120ರಲ್ಲಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ, ನಿಂತಿತು. ಈಗ ರೆಕಾರ್ಡಿಂಗ್ ಬ್ಯಾಟರಿಯಲ್ಲೇ. ಮೈಕಿನ ಕೇಬಲ್ ಕರೆಂಟ್ ವೈರಿನ ಪಕ್ಕದಲ್ಲೇ ಓಡಬಾರದು. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಬೇಕು. ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಮೈಕಿನ ಕೇಬಲ್ ಹತ್ತಾರು ಮೀಟರ್ ಉದ್ದ ಇದ್ದರೂ ತೊಂದರೆ ಇಲ್ಲ. ಹಾಗಾಗಿ ಲ್ಯಾಪ್‌ಟಾಪನ್ನು ಅದರ ಫ್ಯಾನಿನ ಸದ್ದಿನ ಸಮೇತ ಕೋಣೆಯ ಆ ತುದಿಗೆ, ಒಂದು ಪ್ಯಾನೆಲ್ ಹಿಂದೆ ಕಳಿಸಿದೆ.

ಬೆಳಕಿಗೆ ಬಂದರೆ, ಮೊದಲು ಮಾಡಿದ ಕೆಲಸ ಹಗಲಿನ ಬೆಳಕನ್ನು ಹೊರಗಿಡುವುದು. ಮೋಡ ಬಂದು ಹೋದರೆ ಮುಖದ ಬಣ್ಣವೇ ಬದಲಾಗುತ್ತದೆ. ಎರಡು ತುಣುಕು ಸೇರಿಸಿ ಎಡಿಟ್ ಮಾಡಲು ಆಗುವುದಿಲ್ಲ. ಕಿಟಕಿಯ ಹಲಗೆ ಸದ್ದಿಗೆ ಅಂತ ಮಾಡಿಸಿದ್ದು ಬೆಳಕಿಗೂ ಆಯಿತು. ಕಿವಿಯೂ ಕಣ್ಣೂ ಜಗಳವಾಡದೆ ಒಪ್ಪಿದ ಜಾಗ ಇಡೀ ಕೋಣೆಯಲ್ಲಿ ಅದೊಂದೇ.

ಎಲ್‌ಇಡಿ ಲೈಟಿನಲ್ಲಿ ವ್ಯಾಟ್‌ಗಿಂತ ನಾನು ನೋಡಿದ್ದು ಸಿಆರ್‌ಐ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ ಅದು. 95ಕ್ಕಿಂತ ಮೇಲಿದ್ದರೆ ಚರ್ಮದ ಬಣ್ಣ ಚೆನ್ನಾಗಿ ಬರುತ್ತದೆ. ಮುಖ್ಯ ಲೈಟು ಒಂದೇ, ಬೆಳಕನ್ನು ಹರಡುವ ಬಟ್ಟೆ ಪೆಟ್ಟಿಗೆಯಾದ ದೊಡ್ಡ ಸಾಫ್ಟ್‌ಬಾಕ್ಸ್ ಒಳಗೆ, ಮುಖಕ್ಕೆ ಓರೆಯಾಗಿ 45 ಡಿಗ್ರಿಯಲ್ಲಿ, ಸ್ವಲ್ಪ ಮೇಲಿಂದ. ಬೆಳಕಿನ ಮೂಲ ದೊಡ್ಡದಾದಷ್ಟು, ಹತ್ತಿರವಾದಷ್ಟು ನೆರಳು ಮೃದು. ರಿಂಗ್ ಲೈಟನ್ನು ನಾನು ಕೊಳ್ಳಲಿಲ್ಲ. ಕನ್ನಡಕ ಹಾಕುವವರ ಕಣ್ಣಲ್ಲಿ ಎರಡು ಬಳೆ ಕೂತ ಹಾಗೆ ಕಾಣುತ್ತದೆ. ಲೈಟಿನೊಳಗೆ ಫ್ಯಾನ್ ಇದೆಯಾ ಅಂತ ಕೊಳ್ಳುವ ಮೊದಲೇ ಕೇಳಿ. ಪ್ರಖರ ಲೈಟುಗಳಲ್ಲಿ ಹೆಚ್ಚಾಗಿ ಇರುತ್ತದೆ, ತಲೆಯ ಮೇಲಿನ ಮೈಕು ಅದನ್ನು ಮೊದಲು ಹಿಡಿಯುತ್ತದೆ.

ಬಾಡಿಗೆ ಮನೆಯ ಬೆಳಕಿಗೆ ಒಂದು ವಿಶೇಷ ತೊಂದರೆ ಇದೆ: ಗೋಡೆಯ ಬಣ್ಣ. ನನ್ನ ಕೋಣೆಯದ್ದು ತಿಳಿ ಹಳದಿ. ಲೈಟು ಹಾಕಿದರೆ ನಾಲ್ಕೂ ಗೋಡೆ ಸೇರಿ ಹಳದಿ ಬೆಳಕನ್ನು ಮುಖದ ನೆರಳಿನ ಕಡೆಗೆ ಎರಚುತ್ತವೆ. ಕಾಮಾಲೆ ಹಿಡಿದ ಮುಖ! ಬಣ್ಣ ಬದಲಿಸುವಂತಿಲ್ಲ. ಲೈಟಿನ ಎದುರು ಬದಿಗೆ ದಪ್ಪ ಕಪ್ಪು ಬಟ್ಟೆ ಇಳಿಬಿಟ್ಟೆ. ಹಳದಿ ನಿಂತಿತು. ಮುಖದ ಒಂದು ಬದಿಗೆ ಹದವಾದ ನೆರಳು ಬಂದು ಆಕಾರವೂ ಎದ್ದು ಕಂಡಿತು. ಆಮೇಲೆ ಬೂದು ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾದ ಬಣ್ಣ ಹೊಂದಿಸಿ, ಲಾಕ್ ಮಾಡುವುದು. ಆಟೊದಲ್ಲಿ ಬಿಟ್ಟರೆ ಕೈ ಆಡಿಸಿದಾಗೆಲ್ಲ ಬಣ್ಣ ಅಲ್ಲಾಡುತ್ತದೆ.

4.2 ಮೀಟರ್ ಉದ್ದ ಇಲ್ಲಿ ಕೈಹಿಡಿಯಿತು. ನನ್ನ ಹಿಂದೆ ಸುಮಾರು 1.3 ಮೀಟರ್ ಜಾಗ ಬಿಟ್ಟು ಪ್ಯಾನೆಲ್, ಮುಂದೆ 1.8 ಮೀಟರ್ ದೂರದಲ್ಲಿ ಕ್ಯಾಮೆರಾ. ಹಿಂದೆ ಜಾಗ ಬಿಟ್ಟರೆ ನನ್ನ ನೆರಳು ಹಿನ್ನೆಲೆಗೆ ಬೀಳುವುದಿಲ್ಲ, ಹಿನ್ನೆಲೆ ಸ್ವಲ್ಪ ಮಸುಕಾಗುತ್ತದೆ. ಕ್ಯಾಮೆರಾ ತುಂಬ ಹತ್ತಿರ ತಂದು ಅಗಲ ಲೆನ್ಸ್ ಹಾಕಿದರೆ ಮೂಗು ದಪ್ಪ ಕಾಣುತ್ತದೆ. ಚೌಕ ಕೋಣೆಯಲ್ಲಿ ಆ ಗತಿಯೇ ಆಗುತ್ತಿತ್ತು. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್. ವಿದ್ಯುತ್ತು 50 ಹರ್ಟ್ಸ್ ಇರುವ ಕಡೆ ಇದರಿಂದ ಅಗ್ಗದ ಬಲ್ಬುಗಳ ಮಿಣುಕೂ ತಪ್ಪುತ್ತದೆ. 60 ಇರುವ ಕಡೆ 30 ಫ್ರೇಮ್, 1/60 ಇಡಬೇಕು.

ನನ್ನ ಕ್ಯಾಮೆರಾ ಹಳೆಯದು. 29 ನಿಮಿಷ 59 ಸೆಕೆಂಡಿಗೆ ತಾನಾಗೇ ನಿಲ್ಲುತ್ತದೆ. ಇದು ಕೆಟ್ಟದ್ದಲ್ಲ. 30 ನಿಮಿಷ ಮುಟ್ಟಿದರೆ ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಅಂತ ಜಾಸ್ತಿ ಸುಂಕ ಬೀಳುತ್ತಿತ್ತು, ಅದಕ್ಕೆ ಕಂಪನಿಗಳು ಹೀಗೆ ಕಟ್ಟಿಹಾಕಿದ್ದವು. ನನಗೆ ಅದರಿಂದ ಉಪಕಾರವೇ ಆಯಿತು. ಸಂದುಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಇಲ್ಲದೆ, ಲೈಟಿನ ಕೆಳಗೆ ಅರ್ಧ ಗಂಟೆಗಿಂತ ಜಾಸ್ತಿ ಕೂರುವುದು ಒಳ್ಳೆಯದೂ ಅಲ್ಲ. ಗಾಳಿ ಭಾರವಾಗುತ್ತದೆ, ಮಾತು ಮಂಕಾಗುತ್ತದೆ. ಕ್ಯಾಮೆರಾ ನಿಂತಾಗ ಬಾಗಿಲು ತೆರೆದು ಫ್ಯಾನ್ ಹಾಕಿ ಹೊರಗೆ ಬರುತ್ತೇನೆ.

ಶಬ್ದ ಲ್ಯಾಪ್‌ಟಾಪಿಗೆ, ಚಿತ್ರ ಕ್ಯಾಮೆರಾಕ್ಕೆ ಬೇರೆಬೇರೆ ಹೋಗುತ್ತದೆ. ಪ್ರತಿ ತುಣುಕಿನ ಶುರುವಿಗೆ ಒಂದು ಚಪ್ಪಾಳೆ. ಎಡಿಟಿಂಗಿನಲ್ಲಿ ಕೈ ಸೇರಿದ ಫ್ರೇಮಿಗೂ ಶಬ್ದದ ಮೊನೆಗೂ ಹೊಂದಿಸಿದರೆ ತುಟಿ, ಮಾತು ಕೂಡಿಕೊಳ್ಳುತ್ತವೆ. ಎರಡೂ ಕಡೆ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಶಬ್ದವನ್ನು ಎಷ್ಟು ಸಲ ಅಳೆಯುತ್ತದೆ ಅನ್ನುವುದು, 48 ಕಿಲೊಹರ್ಟ್ಸ್ ಇರಲಿ. ರೆಕಾರ್ಡಿಂಗ್ 24 ಬಿಟ್‌ನಲ್ಲಿ ಮಾಡಿದರೆ ಮಟ್ಟವನ್ನು ಆರಾಮವಾಗಿ ಕೆಳಗಿಡಬಹುದು. ರೆಕಾರ್ಡಿಂಗಿನ ಅಳತೆಯಲ್ಲಿ ಸೊನ್ನೆಯೇ ಮೇಲಿನ ಮಿತಿ. ಜೋರು ಮಾತು ಮೈನಸ್ 12 ಡೆಸಿಬೆಲ್ ಹತ್ತಿರ ಬಂದರೆ ಸಾಕು.

ಸ್ಟುಡಿಯೊ ಆಯಿತು ಅಂತ ನನಗೆ ಅನ್ನಿಸಿದ್ದು ಒಂದು ಅಂಕಿ ನೋಡಿದಾಗ. ಆಡಿಯೊಬುಕ್‌ಗಳಿಗೆ ಎಸಿಎಕ್ಸ್ ವೇದಿಕೆ ಇಟ್ಟಿರುವ ಅಳತೆಯಲ್ಲಿ, ಯಾರೂ ಮಾತಾಡದಾಗಿನ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ಮಾತಿನ ಸರಾಸರಿ ಮೈನಸ್ 23ರಿಂದ ಮೈನಸ್ 18ರ ಒಳಗೆ, ಅತಿ ಜೋರು ಮೈನಸ್ 3 ದಾಟಬಾರದು. ಖಾಲಿ ಕೋಣೆಯಲ್ಲಿ ನಾನು ಹತ್ತಿರಕ್ಕೂ ಬಂದಿರಲಿಲ್ಲ. ಎಲ್ಲ ಆದ ಮೇಲೆ ಬೆಳಗಿನ ಜಾವದ ರೆಕಾರ್ಡಿಂಗ್ ನಾಯ್ಸ್ ರಿಡಕ್ಷನ್ ಇಲ್ಲದೆ, 80 ಹರ್ಟ್ಸ್‌ನ ಹೈಪಾಸ್ (ಅದಕ್ಕಿಂತ ಕೆಳಗಿನ ಸ್ವರ ಕತ್ತರಿಸುವ ಫಿಲ್ಟರ್) ಒಂದರಲ್ಲೇ ಪಾಸಾಯಿತು. ಮಧ್ಯಾಹ್ನದ್ದು ಕೆಲವು ದಿನ ಆಗುತ್ತದೆ, ಕೆಲವು ದಿನ ಇಲ್ಲ.

ಎಲ್ಲವನ್ನೂ ಬಿಚ್ಚಿ ಜೋಡಿಸಬಹುದು ಅನ್ನುವುದರ ಇನ್ನೊಂದು ಮುಖ, ಅದು ತಾನಾಗೇ ಸರಿಯುತ್ತಲೂ ಇರುತ್ತದೆ. ಗುಡಿಸುವಾಗ ಪ್ಯಾನೆಲ್ ಅಲುಗುತ್ತದೆ, ಸ್ಟ್ಯಾಂಡ್ ತಿರುಗುತ್ತದೆ. ಕಾರ್ಪೆಟ್ ಮೇಲೆ ಬಟ್ಟೆ ಟೇಪಿನಿಂದ ಕುರ್ಚಿ, ಟ್ರೈಪಾಡ್, ಲೈಟು, ಪ್ಯಾನೆಲ್ ಎಲ್ಲದರ ಕಾಲಿಗೂ ಗುರುತು ಹಾಕಿದ್ದೇನೆ. ಲೈಟಿನ ಮಟ್ಟ, ಮೈಕಿನ ಗೇಯ್ನ್ (ದನಿ ಹಿಗ್ಗಿಸುವ ಮಟ್ಟ), ಕ್ಯಾಮೆರಾ ಎತ್ತರ ಒಂದು ಚೀಟಿಯಲ್ಲಿ ಬರೆದು ಪ್ಯಾನೆಲ್ ಹಿಂಬದಿಗೆ ಅಂಟಿಸಿದ್ದೇನೆ. ಹೋದ ವಾರದ ಪಾಠಕ್ಕೂ ಈ ವಾರದ್ದಕ್ಕೂ ವ್ಯತ್ಯಾಸ ಕಾಣಬಾರದು. ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸುವುದಿಲ್ಲ. ಕೆಲಸ ಮುಗಿದ ಮೇಲೆ ಮೇನ್ ಸ್ವಿಚ್ ಆಫ್. ಫೈಲುಗಳು ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಮನೆಯಿಂದ ಆಚೆ ಒಂದು.

ಬಗೆಹರಿಯದ್ದು ತೀರಾ ಕೆಳಸ್ವರ. ಹೊರಗೆ ಭಾರಿ ವಾಹನ ನಿಂತು ಇಂಜಿನ್ ಓಡಿಸಿದರೆ ನನ್ನ ಯಾವ ಪ್ಯಾನೆಲ್ಲೂ ಅದನ್ನು ಹಿಡಿಯಲಾರದು. ಹೈಪಾಸ್ ಅರ್ಧ ತಿನ್ನುತ್ತದೆ. ಉಳಿದ ಅರ್ಧಕ್ಕೆ ಆ ಸಾಲನ್ನು ಮತ್ತೆ ಓದುವುದು. ಮೇಲಿನ ಮನೆಯವರ ಹತ್ತಿರ ಮಾತಾಡಿ, ಅವರ ಕುರ್ಚಿಯ ಕಾಲುಗಳಿಗೆ ನಾನೇ ಫೆಲ್ಟ್ ಬಿಲ್ಲೆ ತಂದುಕೊಟ್ಟು ಅಂಟಿಸಿದೆ. ಅವರಿಗೂ ಖುಷಿಯಾಯಿತು, ನೆಲಕ್ಕೆ ಗೀರು ಬೀಳುವುದು ನಿಂತಿತಂತೆ. ಮಳೆ ಜೋರಾದರೆ ಮಾತ್ರ ಏನೂ ಮಾಡಲಾಗದು. ಅವತ್ತು ಎಡಿಟಿಂಗ್.